ಬೆನ್ನಿನ ಕಡೆ

ಹಲ್ಲಿನ ಡಾಕ್ಟರಮ್ಮ ಕೆಲಸಕ್ಕೆ ಬಾ ಎಂದಾಗ ಕುಣಿಯುತ್ತಾ ಮನೆಗೆ ಬಂದವಳು ಬಟ್ಟೆಯ ಬೀರು ತೆಗೆದು ಹಾಗೇ ನೆಲಕ್ಕೆ ಕುಸಿದೆ. ಒಳಗಿದ್ದದ್ದೆಲ್ಲ ಕಣ್ಣಿಗೆ ರಾಚುವ ಬಣ್ಣಗಳೇ. "ಮುಂದಿನ ಮೇಜಲ್ಲಿ ಕೂರೋಳು ನೀಟಾಗಿರಬೇಕು. ಮೂರು ತಿಂಗಳು ನೋಡ್ತೀನಿ, ಆಮೇಲೆ ಕಾಯಂ" ಎಂದಿದ್ದರು ಅವರು. ಕೆಲಸಕ್ಕಾಗಿ ಅಲೆದು ಅಲೆದು ನನ್ನ ಚಪ್ಪಲಿ ಸವೆದಿತ್ತು. ಇದು ಕೈತಪ್ಪಿದರೆ ಇನ್ನೊಂದು ಸಿಗುವ ನಂಬಿಕೆ ನನಗಿರಲಿಲ್ಲ.

ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳಿಗೆ ಉಡುಪು ತೊಡಿಸುವುದು ನನ್ನಪ್ಪನ ಕೆಲಸ. ಬೀದಿಯವರ ಬಾಯಲ್ಲಿ ಅವನು ಬೊಂಬೆಯಪ್ಪ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವನೂ ಅವನೇ. ಬೊಂಬೆಗಳು ಎದುರು ಮಾತಾಡುವುದಿಲ್ಲ, ಅದೊಂದೇ ವ್ಯತ್ಯಾಸ ಎನ್ನುತ್ತಿರುತ್ತಾನೆ.

"ರಾಶಿ ಬಟ್ಟೆ ಯಾಕೆ ಬೇಕು? ಒಂದಕ್ಕೊಂದು ಹೊಂದ್ಕೊಂಡು ಹೋಗೋವು ನಾಲ್ಕಿದ್ರೆ ಸಾಕು. ಜಗಳಗಂಟಿ ಒಂದು ಸೇರ್ಕೊಂಡ್ರೂ ಮಿಕ್ಕಿದ್ದೆಲ್ಲ ದಂಡ" ಎಂದ.

"ನನ್ನನ್ನ ನೋಡ್ಕೊಂಡು ಯಾಕಪ್ಪ ಹೇಳ್ತೀಯ?"

ಗಾಜಿನ ಹಿಂದೆ ನಿಂತು ಬಿಸಿಲಿಗೆ ತುಸು ಮಾಸಿದ ಬಟ್ಟೆಗಳನ್ನು ಅಂಗಡಿಯವರು ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಅಂಥವನ್ನೇ ಆರಿಸಿ ತಂದ. ಕಪ್ಪು ಪ್ಯಾಂಟು, ಬೂದು ಪ್ಯಾಂಟು, ಬಿಳಿ ಅಂಗಿ, ತಿಳಿನೀಲಿ ಅಂಗಿ, ತೋಳಿಲ್ಲದ ಬೂದು ಕೋಟು, ಮೇಲೊಂದು ಇಟ್ಟಿಗೆ ಬಣ್ಣದ ಶಾಲು. ಮಂಚದ ಮೇಲೆ ಹರಡಿ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಜೋಡಿಸುತ್ತಾ ಹೋದ. ಪ್ರತಿ ಸಲವೂ ಬೇರೆ ಹುಡುಗಿಯೊಬ್ಬಳು ಅಲ್ಲಿ ಮಲಗಿದಂತೆ ಕಾಣುತ್ತಿತ್ತು. ಬಿಳಿ ಅಂಗಿಯ ಕಾಲರು ಹಳದಿಗಟ್ಟಿತ್ತು. ಅದನ್ನು ಬಿಚ್ಚಿ, ಸಣ್ಣ ನೀಲಿ ಗೆರೆಯ ಬಟ್ಟೆಯಲ್ಲಿ ಹೊಸ ಕಾಲರು ಹೊಲಿದು ಕೂರಿಸಿದ.

"ಈ ಬಟ್ಟೆ ಎಲ್ಲಿತ್ತು?" ಎಂದೆ.

"ಯಾವುದೋ ತುಂಡು ಮಿಕ್ಕಿತ್ತು ಕಣೆ."

ಮೊದಲ ದಿನ ಬಿಳಿ ಅಂಗಿ, ಕಪ್ಪು ಪ್ಯಾಂಟು. ಎರಡೂ ನನಗೆ ಸಡಿಲ. ಅಪ್ಪ ನನ್ನೆದುರು ನಿಂತು, ಕೈಗಳನ್ನು ನನ್ನ ಹಿಂದಕ್ಕೆ ಚಾಚಿ ಏನೋ ಮಾಡಿದ. ಅಂಗಿ ಮೈಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನಮ್ಮ ಮನೆಯ ಕನ್ನಡಿ ಅಂಗೈಯಗಲದ್ದು. ಅದರಲ್ಲಿ ಕಂಡಷ್ಟು ನೋಡಿಕೊಂಡು, ಮೇಲೆ ಶಾಲು ಹೊದ್ದು, ಬೀಗುತ್ತಾ ಬಸ್ಸು ಹಿಡಿದೆ.

ಮೇಜಿನ ಎದುರು ಕೆನ್ನೆ ಹಿಡಿದುಕೊಂಡು ಕೂತವರ ಸಾಲು. ಶಾಲು ಕುರ್ಚಿಗೆ ಹಾಕಿ, ಫೈಲು ತೆಗೆಯಲು ಹಿಂದಿನ ಕಪಾಟಿಗೆ ತಿರುಗಿದೆ. ಯಾರೋ ಕಿಸಕ್ಕನೆ ನಕ್ಕರು. ಹಲ್ಲುನೋವಿನವರೂ ನೋವು ಮರೆತು ನಕ್ಕರು. ನನ್ನ ಬೆನ್ನುದ್ದಕ್ಕೂ ಬಟ್ಟೆಯನ್ನು ಮಡಿಚಿ ಹಿಡಿದ ಕೆಂಪು ಕ್ಲಿಪ್ಪುಗಳು! ಬೊಂಬೆಗೆ ಹಾಗೇ ಮಾಡುತ್ತಾರೆ. ಬೊಂಬೆಯ ಬೆನ್ನು ಗೋಡೆಗಿರುತ್ತದೆ, ಅದು ಯಾವತ್ತೂ ತಿರುಗುವುದಿಲ್ಲ.

ಡಾಕ್ಟರಮ್ಮ ಒಳಗೆ ಕರೆದರು. "ನಾಳೆಯೂ ಹೀಗೇ ಬರೋದಾದ್ರೆ ಬರಲೇಬೇಡ" ಎಂದರು.

ಸಿಟ್ಟು ನೆತ್ತಿಗೇರಿತ್ತು. ಶಾಲು ಹೊದ್ದೇ ಮಿಕ್ಕ ಹೊತ್ತು ಕಳೆದೆ. ಸಂಜೆ ನೆಟ್ಟಗೆ ಅಂಗಡಿಗೆ ಹೋದೆ. ಬೈಗುಳವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಗಾಜಿನೊಳಗೆ ಅಪ್ಪ ನನಗೆ ಬೆನ್ನು ಮಾಡಿ, ಮಂಡಿಯೂರಿ ಬೊಂಬೆಗೆ ಬೂಟು ಹಾಕುತ್ತಿದ್ದ. ದೀಪಗಳ ಸೆಕೆಗೆ ತನ್ನ ಕೋಟು ಬಿಚ್ಚಿಟ್ಟಿದ್ದ. ನಾನು ಕಂಡಂತೆ ಅವನು ಕತ್ತಿನವರೆಗೂ ಗುಂಡಿ ಹಾಕಿದ ಕೋಟಿಲ್ಲದೆ ಹೊರಗೆ ಬಂದವನಲ್ಲ. ತನ್ನ ಬಟ್ಟೆ ತಾನೇ ಒಗೆದುಕೊಳ್ಳುವವನು.

ಅವನ ಅಂಗಿಗೆ ಬೆನ್ನೇ ಇರಲಿಲ್ಲ. ಅಲ್ಲಿ ಹಳೇ ದಿಂಬಿನ ಚೀಲದ ಹೂವಿನ ಬಟ್ಟೆ ಹೊಲಿದಿತ್ತು. ತೋಳುಗಳು ಮಾತ್ರ ಅದೇ ಸಣ್ಣ ನೀಲಿ ಗೆರೆಯವು.

ಕೈ ತಾನಾಗಿ ನನ್ನ ಕಾಲರಿಗೆ ಹೋಯಿತು.

ಅಪ್ಪ ತಿರುಗಿದ. ನನ್ನ ಮುಖ ನೋಡಿ ಗಾಬರಿಯಾಗಿ ಹೊರಗೆ ಓಡಿ ಬಂದ. "ಏನಾಯ್ತು? ಬೇಡ ಅಂದ್ರಾ?"

ನಾನು ಶಾಲು ಸರಿಸಿ, ತಿರುಗಿ ನಿಂತು ಬೆನ್ನು ತೋರಿಸಿದೆ. ಅಪ್ಪ ನಾಲಿಗೆ ಕಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ನೀನು ತಿರುಗ್ತೀಯ ಅನ್ನೋದೇ ಹೊಳೀಲಿಲ್ಲ ನೋಡು." ನಗು ತಡೆಯಲಾಗಲಿಲ್ಲ, ಅಳುವೂ.

ಮನೆಗೆ ಬಂದವನೇ ಕ್ಲಿಪ್ಪು ಕಿತ್ತು, ಅದೇ ಗುರುತಿನ ಮೇಲೆ ಎರಡು ಕಡೆ ಹೊಲಿಗೆ ಹಾಕಿದ. ನೀಲಿ ಅಂಗಿಗೂ ಹಾಗೇ. ಬೆಳಗ್ಗೆ ನಾನು ನೀಲಿ ಅಂಗಿ ತೊಟ್ಟು ನಿಂತಾಗ, ಗುಡಿ ಸುತ್ತುವವನಂತೆ ನನ್ನ ಸುತ್ತ ನಡೆದು ನೋಡಿ ಕಳಿಸಿದ. ಅದೇ ನಾಲ್ಕು ಬಟ್ಟೆ, ಕೋಟು, ಶಾಲಿನಲ್ಲಿ ಮೂರು ತಿಂಗಳು ಕಳೆಯಿತು. "ದಿನಾ ಹೊಸ ಬಟ್ಟೆ ಎಲ್ಲಿಂದ ತರ್ತೀಯೇ?" ಎಂದು ಡಾಕ್ಟರಮ್ಮನೇ ಕೇಳಿ, ಕೆಲಸ ಕಾಯಂ ಎಂದರು. "ನಮ್ಮಪ್ಪ ಕೊಟ್ಟಿದ್ದು" ಎಂದೆ.

ಆ ಸಂಜೆ ಅಪ್ಪನಿಗೆ ಒಂದು ಅಂಗಿ ತಂದೆ. ಅವನು ಅದನ್ನು ತನ್ನ ಪ್ಯಾಂಟಿನ ಪಕ್ಕ, ಕೋಟಿನ ಪಕ್ಕ ಹಿಡಿದು ನೋಡಿ, "ಜಗಳ ಆಡಲ್ಲ ಬಿಡು" ಎಂದ. ತೊಟ್ಟು, ರೂಢಿಯಂತೆ ಕೋಟಿಗೆ ಕೈ ಹಾಕಿದ. ನಾನು ಅದನ್ನು ಕಿತ್ತುಕೊಂಡೆ.

"ಇವತ್ತು ಕೋಟು ಬೇಡ. ಬಾ, ಬೀದಿ ಕೊನೆವರೆಗೂ ಹೋಗಿ ಬರೋಣ. ನೀನು ಮುಂದೆ ನಡಿ ಅಪ್ಪ, ನಾನು ಹಿಂದೆ ಬರ್ತೀನಿ."