ಕಾಯಿಪುಡಿ ಫ್ಯಾಕ್ಟರಿಯ ಬೀಗ

ಈಗ ಒಳಗೆ ಜನ ಇರುವಾಗ ಆ ಗೇಟಿಗೆ ಬೀಗ ಬೀಳುವುದಿಲ್ಲ. ಅರಸೀಕೆರೆಯಿಂದ ಮಾಲೇಕಲ್ಲಿನ ಕಡೆಗೆ ಹೋಗುವಾಗ ಕಾಯಿಪುಡಿ ಫ್ಯಾಕ್ಟರಿಯ ಮುಂದೆ ಹಾದರೆ ನೋಡಬಹುದು. ತಗಡಿನ ಗೇಟು ಒಂದಾಳು ನುಗ್ಗುವಷ್ಟು ತೆರೆದೇ ಇರುತ್ತದೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮರಿಯಣ್ಣ ಕೂತಿರುತ್ತಾನೆ. ಮೊದಲೆಲ್ಲ ಅವನ ಬಲಗೈ ಸದಾ ಜೇಬಿನ ಮೇಲೇ ಇರುತ್ತಿತ್ತು, ಕೀಲಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿತ್ತು. ಈಗ ಆ ಕೈಗೆ ಹಗಲು ಹೊತ್ತಿನಲ್ಲಿ ಕೆಲಸವಿಲ್ಲ. ಮಂಡಿಯ ಮೇಲೆ ಸುಮ್ಮನೆ ಮಲಗಿರುತ್ತದೆ.

ಬೀಗ ಹೋದದ್ದು ಹೇಗೆ ಎಂದು ಯಾರಾದರೂ ಕೇಳಿದರೆ, "ಕೂಸು ಅಳ್ತಿತ್ತು, ತಗ್ದೆ" ಎನ್ನುತ್ತಾನೆ. ಅಷ್ಟಕ್ಕೇ ಮುಗಿಯುವ ಸಂಗತಿಯಲ್ಲ ಅದು.

ಮರಿಯಣ್ಣ ಸೈನ್ಯದಲ್ಲಿದ್ದು ಪಿಂಚಣಿ ಪಡೆದು ಬಂದವನು. ಊರಲ್ಲಿ ಮಿಲ್ಟ್ರಿ ಮರಿಯಣ್ಣ ಎಂದೇ ಹೆಸರು. ಫ್ಯಾಕ್ಟರಿಯ ಸಾಹುಕಾರ ರಾಜಶೇಖರ್ ಅವನನ್ನು ಕರೆದು ಕಾವಲಿಗೆ ಇಟ್ಟುಕೊಂಡದ್ದೂ ಆ ಹೆಸರಿಗೇ. ಮಾಲು ಕೊಳ್ಳುವವರು ದೂರದಿಂದ ಬಂದರೆ, "ದೇಶದ ಗಡಿ ಕಾದೋನು ಈಗ ನಮ್ಮ ಗೇಟು ಕಾಯ್ತಾನೆ" ಎಂದು ತೋರಿಸುತ್ತಿದ್ದ. ಅಂಥ ದಿನ ಮರಿಯಣ್ಣ ಪದಕಗಳನ್ನು ಎದೆಗೆ ಸಿಕ್ಕಿಸಿಕೊಂಡು ಕಾರಿಗೆ ಸೆಲ್ಯೂಟ್ ಹೊಡೆಯಬೇಕು. ಎಲ್ಲ ದಿನವೂ ಜಡಿಯಬೇಕಾದ್ದು ಬೀಗ. ಬೆಳಗಿನ ಗಂಟೆಯಾದ ಮೇಲೆ ಬೀಗ ಹಾಕಿದರೆ ಊಟದ ಗಂಟೆಯವರೆಗೆ ಒಂದು ನರಪಿಳ್ಳೆಯನ್ನೂ ಹೊರಗೆ ಬಿಡುವಂತಿಲ್ಲ. ಕಾಯಿ ಕದ್ದು ಸಾಗಿಸುತ್ತಾರೆ ಎಂಬುದು ಸಾಹುಕಾರ ಹೇಳುತ್ತಿದ್ದ ಕಾರಣ. ಊಟದ ಗಂಟೆಯಾದರೂ ಅವನಿಷ್ಟ. ಕಾಯಿ ಜಾಸ್ತಿ ಬಂದ ದಿನ ಅದು ಸಂಜೆಯ ಕಡೆಗೆ ಜಾರುತ್ತಿತ್ತು.

ಒಳಗಿನ ಕೆಲಸ ಇಷ್ಟೆ. ಗಂಡಸರು ಒಳಗಿನ ತಿರುಳಿನ ಉಂಡೆ ಒಡೆಯದಂತೆ ಕಾಯಿಯ ಚಿಪ್ಪು ಬಿಡಿಸಿ ರಾಶಿ ಹಾಕುತ್ತಾರೆ. ಹೆಂಗಸರು ಸಾಲಾಗಿ ಕೂತು ಸಣ್ಣ ಚಾಕುವಿನಿಂದ ಕಂದು ಸಿಪ್ಪೆ ಹೆರೆದು, ಬಿಳಿ ಉಂಡೆಯನ್ನು ನೀರಿನ ತೊಟ್ಟಿಗೆ ಹಾಕುತ್ತಾರೆ. ಅಲ್ಲಿಂದ ಆವಿಗೆ, ಮಿಷನ್ನಿಗೆ, ಒಣಗುವ ತಟ್ಟೆಗೆ. ಆ ಹೆರೆಯುವ ಸಾಲಿನಲ್ಲಿ ಮರಿಯಣ್ಣನ ಹೆಂಡತಿ ಲಕ್ಕಮ್ಮನೂ ಇದ್ದಳು. ಗಂಡ ಹೊರಗಿನಿಂದ ಬೀಗ ಜಡಿಯುವುದು, ಹೆಂಡತಿ ಒಳಗಿರುವುದು. ಹೆಂಗಸರಿಗೆ ಅದೊಂದು ತಮಾಷೆಯಾಗಿತ್ತು.

"ಲಕ್ಕಮ್ಮಕ್ಕ, ಮನೇಲೂ ಹಿಂಗೇ ಕೂಡಾಕ್ತಾನಾ ನಿನ್ ಗಂಡ?"

"ಮನೇಲಿ ಕೀಲಿ ನನ್ ಸೊಂಟದಾಗೈತೆ ಕಣವ್ವ" ಎಂದು ಲಕ್ಕಮ್ಮನೂ ನಗುತ್ತಿದ್ದಳು.

ಚಿತ್ರಾ ಕೆಲಸಕ್ಕೆ ವಾಪಸು ಬಂದ ಮೇಲೆ ಆ ನಗು ನಿಂತಿತು.

ಚಿತ್ರಾ ಗೆಂಡೆಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ. ಹೆರಿಗೆಗೆ ತವರಿಗೆ ಹೋಗಿದ್ದವಳು ಇನ್ನೂ ಕತ್ತು ನಿಲ್ಲದ ಕೂಸನ್ನು ಅತ್ತೆ ರಂಗಮ್ಮನ ಕೈಗೆ ಕೊಟ್ಟು ಮತ್ತೆ ಚಾಕು ಹಿಡಿದಳು. ಹಾಲು ಕುಡಿಯುವ ಹೊತ್ತಿಗೆ ರಂಗಮ್ಮ ಕೂಸನ್ನು ಎತ್ತಿಕೊಂಡು ಗೇಟಿನ ಹತ್ತಿರ ಬರುವಳು. ಗೇಟಿನಲ್ಲಿ ಮುಖದ ಮಟ್ಟಕ್ಕೆ ಒಂದು ಕಿಂಡಿ. ಚಿತ್ರಾ ಒಳಗಿನಿಂದ ಅದರಲ್ಲಿ ಕಣ್ಣಿಟ್ಟು ನಿಲ್ಲುವಳು. ಕೂಸಿನ ದನಿ ಕೇಳಿದ್ದೇ ತಡ, ಅವಳ ರವಿಕೆ ಒದ್ದೆಯಾಗಿಬಿಡುತ್ತಿತ್ತು.

"ಮಾವ, ಒಂದ್ ಗಳಿಗೆ" ಎನ್ನುವಳು.

"ಸಾವ್ಕಾರ್ರು ಬೇಡ ಅಂದವ್ರಲ್ಲವ್ವ" ಎನ್ನುವನು ಮರಿಯಣ್ಣ.

ಆಮೇಲೆ ಅವಳು ಬಚ್ಚಲ ಮೂಲೆಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುವಳು. ರಂಗಮ್ಮ ಎದುರಿನ ಹೊಂಗೆ ಮರದ ಕೆಳಗೆ ಕೂತು ಕೂಸಿನ ಬಾಯಿಗೆ ಸಕ್ಕರೆ ನೀರಿನ ಬಟ್ಟೆ ಇಡುವಳು.

ಲಕ್ಕಮ್ಮ ಮಾತು ಬಿಟ್ಟದ್ದು ಆಗ. ಮನೆಯಲ್ಲಿ ತಟ್ಟೆ ಕುಕ್ಕಿ ಹೋಗುವಳು. ಗಂಡನಿಗೆ ಹೇಳಬೇಕಾದ್ದನ್ನು ಕೋಳಿಗೆ ಹೇಳುವಳು. "ನೀನೇ ವಾಸಿ ಕಣೇ, ನಿನ್ ಮರಿ ನಿನ್ ರೆಕ್ಕೆ ಕೆಳಗೈತೆ." ಮರಿಯಣ್ಣ ಮುದ್ದೆ ಮುರಿಯುತ್ತ ಕೇಳಿಸಿಕೊಳ್ಳುವನು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರ ಮನೆಯಲ್ಲಿ ಬೈಗುಳವಿಲ್ಲದೆ ಒಲೆ ಉರಿದದ್ದೇ ಇಲ್ಲ. ಈಗ ಮನೆ ತಣ್ಣಗಾಗಿತ್ತು.

ಅವಳ ಸಿಟ್ಟಿಗೆ ಇನ್ನೊಂದು ಬೇರಿತ್ತು. ಅದು ಅವರಿಬ್ಬರಿಗೇ ಗೊತ್ತು. ಊರವರ ಮುಂದೆ ಮರಿಯಣ್ಣ ಹಿಮದ ಮಾತು, ಗಡಿಯ ಮಾತು ಆಡುತ್ತಿದ್ದ. ಗಡಿಯಲ್ಲಿ ಅವನು ಇದ್ದದ್ದೂ ನಿಜ, ಪದಕಗಳೂ ನಿಜ. ಆದರೆ ನಡುವೆ ಕೆಲವು ವರ್ಷ ಅವನು ಒಬ್ಬ ಮೇಜರ್ ಸಾಹೇಬರ ಮನೆಯಲ್ಲಿದ್ದ. ಬೂಟಿಗೆ ಪಾಲಿಶ್ ಹಾಕುವುದು, ತರಕಾರಿ ತರುವುದು, ನಾಯಿ ತಿರುಗಾಡಿಸುವುದು, ಅತಿಥಿಗಳ ಕಾರು ಬಂದರೆ ಓಡಿಹೋಗಿ ಗೇಟು ತೆಗೆಯುವುದು. ಆ ಸಾಹೇಬರ ಮನೆಯಲ್ಲಿ ಒಂದು ಮಗುವಿತ್ತು. ಅದರ ಸೀಸೆಯ ಹಾಲಿನ ಬಿಸಿಯನ್ನು ತನ್ನ ಮುಂಗೈ ಮೇಲೆ ಹನಿಸಿ ನೋಡುವುದೂ ಮರಿಯಣ್ಣನ ಕೆಲಸವೇ. ಇತ್ತ ಊರಲ್ಲಿ ಅವನ ಮಗಳು ಹರ್ಷಿತಾ ಹುಟ್ಟಿದ್ದಳು. ರಜ ಕೇಳಿದರೆ ಇವತ್ತು ಪಾರ್ಟಿ ಇದೆ, ನಾಳೆ ನೆಂಟರಿದ್ದಾರೆ ಎಂದು ಮುಂದೆ ಹೋಗುತ್ತಿತ್ತು. ಅವನು ಊರಿಗೆ ಬಂದಾಗ ಮಗಳಿಗೆ ಹಲ್ಲು ಬಂದಿತ್ತು. ಅಪ್ಪನನ್ನು ನೋಡಿ ಕಿಟಾರನೆ ಕಿರುಚಿ ಅಮ್ಮನ ಸೆರಗಿಗೆ ಓಡಿದ್ದಳು.

ಅಲ್ಲಿ ದೇಶ ಎನ್ನುತ್ತಿದ್ದರು, ಇಲ್ಲಿ ಕಂಪನಿ ಎನ್ನುತ್ತಾರೆ. ಎರಡು ಕಡೆಯೂ ಗೇಟು ತೆಗೆದು ಹಾಕುವವನು ತಾನೇ, ಕಾರಿನಲ್ಲಿ ಕೂತು ಒಳಗೆ ಬರುವವರು ಅವರೇ. ಈ ಯೋಚನೆ ಕುರ್ಚಿಯಲ್ಲಿ ಕೂತಾಗ ಅವನಿಗೆ ಬರುತ್ತಿತ್ತು. ಬಂದಾಗ ಕೈ ಜೇಬಿಗೆ ಹೋಗುತ್ತಿತ್ತು. ಕೀಲಿ ಅಲ್ಲೇ ಇರುತ್ತಿತ್ತು. ಈ ಕೆಲಸ ಹೋದರೆ ಊರಲ್ಲಿ ಏನು ಮುಖ ಇಟ್ಟುಕೊಂಡು ತಿರುಗುವುದು ಎಂಬ ಅಂಜಿಕೆಯೂ ಅದರ ಜೊತೆಗೇ ಇರುತ್ತಿತ್ತು.

ಬೀಗ ತೆಗೆದ ದಿನ ಮಾಲು ಕೊಳ್ಳುವ ಮುಂಬೈನ ಪಾರ್ಟಿ ಬರುವುದಿತ್ತು. ಸಾಹುಕಾರ ಅವರನ್ನು ಬೇಲೂರಿನ ದೇವಸ್ಥಾನಕ್ಕೆ ಕರೆದೊಯ್ದಿದ್ದ. ಅಲ್ಲಿಂದ ಹಳೇಬೀಡು ನೋಡಿಕೊಂಡು ಮಧ್ಯಾಹ್ನದ ಮೇಲೆ ಫ್ಯಾಕ್ಟರಿಗೆ ಬರುವರೆಂದು ಎಲ್ಲರಿಗೂ ತಿಳಿದಿತ್ತು. ಮರಿಯಣ್ಣ ಪದಕ ಹಾಕಿಕೊಂಡು ಬಂದಿದ್ದ.

ಹೆಂಗಸರು ಅಂದು ಎಂದಿಗಿಂತ ಚುರುಕಾಗಿ ಹೆರೆದರು. ತೊಟ್ಟಿ ಕಂಠಮಟ್ಟ ತುಂಬಿ, ಬಿಳಿ ಉಂಡೆಗಳು ಒಂದರ ಮೇಲೊಂದು ತೇಲುವಂತಾಯಿತು. ಆಗ ಸಾಲಿನ ಮೊದಲಲ್ಲಿ ಕೂತಿದ್ದ ಬಸಮ್ಮ ಚಾಕು ಕೆಳಗಿಟ್ಟಳು. ಅವಳು ಹಳಬಳು, ಮಾತು ಕಮ್ಮಿ. ಅವಳು ಇಟ್ಟಿದ್ದನ್ನು ನೋಡಿ ಎಲ್ಲರೂ ಇಟ್ಟರು. ಆವಿಯ ಕಡೆಯ ಗಂಡಸರೂ ಕೈ ಒರೆಸಿಕೊಂಡು ಬಂದು ಕೂತರು. ಸಿಪ್ಪೆ ಹೆರೆದ ಕಾಯಿ ಹೊತ್ತು ಏರಿದರೆ ಹುಳಿ ವಾಸನೆ ಹಿಡಿಯುತ್ತದೆ. ಆಮೇಲೆ ಅದರ ಪುಡಿಯನ್ನು ಯಾವ ಬಿಸ್ಕತ್ತಿನವನೂ ಮುಟ್ಟುವುದಿಲ್ಲ. ಅದು ಕಾಯಿ ಮುಟ್ಟಿದ ಎಲ್ಲರಿಗೂ ಗೊತ್ತು. ಸಾಹುಕಾರನಿಗೂ ಗೊತ್ತು.

ಬಸಮ್ಮ ಕಿಂಡಿಯ ಹತ್ತಿರ ಬಂದಳು. "ಮರಿಯಣ್ಣ, ಸಾವ್ಕಾರ್ರಿಗೆ ಫೋನ್ ಹಚ್ಚು. ಒಳಗೆ ನಾವಿರೋವಾಗ ಬೀಗ ಹಾಕ್ಬಾರ್ದು. ಬ್ಯಾರೆ ಏನೂ ಕೇಳ್ತಿಲ್ಲ."

ಮರಿಯಣ್ಣ ಫೋನ್ ಮಾಡಿದ. ಆ ಕಡೆ ದೇವಸ್ಥಾನದ ಗೈಡ್ ಒಬ್ಬನು ಜೋರಾಗಿ ಏನೋ ವಿವರಿಸುತ್ತಿದ್ದದ್ದು ಕೇಳಿಸಿತು. ಸಾಹುಕಾರ ದೂರ ಸರಿದು ದನಿ ತಗ್ಗಿಸಿದ.

"ಬೀಗ ತೆಗೀಬೇಡ. ಒಳಗೇ ಇರ್ಲಿ. ಮನೆ ನೆನಪಾದ್ರೆ ಅವರೇ ಚಾಕು ಹಿಡೀತಾರೆ."

"ಚಿತ್ರಾನ ಕೂಸು ಅಂತ..."

"ಇವತ್ತು ಒಂದು ಕೂಸಿಗೆ ತೆಗೆದ್ರೆ ನಾಳೆ ಎಲ್ಲರಿಗೂ ಕೂಸು ಹುಟ್ತವೆ ಕಣಯ್ಯ. ನೀನು ಮಿಲ್ಟ್ರಿಯವನು, ಆರ್ಡರ್ ಅಂದ್ರೆ ನಿನಗೆ ನಾನು ಹೇಳ್ಕೊಡಬೇಕಾ? ಮೆಡಲ್ ಹಾಕ್ಕೊಂಡಿದೀಯ ತಾನೆ?"

ಫೋನು ಕಟ್ಟಾಯಿತು. ಅಷ್ಟು ಹೊತ್ತಿಗೆ ರಂಗಮ್ಮ ಬಂದಳು. ಕೂಸು ಅವತ್ತು ಸಕ್ಕರೆ ನೀರಿಗೆ ಬಗ್ಗಲಿಲ್ಲ. ಮೈ ಬಿಲ್ಲಿನಂತೆ ಬಾಗಿಸಿ, ಉಸಿರು ಕಟ್ಟಿ ಕಟ್ಟಿ ಅಳುತ್ತಿತ್ತು. ಒಳಗೆ ತಗಡಿಗೆ ಹಣೆ ಒತ್ತಿ ಚಿತ್ರಾ ನಿಂತಿದ್ದಳು. ಅವಳ ಹಿಂದೆ ಲಕ್ಕಮ್ಮ ಇದ್ದಳು. ಬಹಳ ದಿನದ ಮೇಲೆ ಲಕ್ಕಮ್ಮ ಬಾಯಿ ಬಿಟ್ಟಳು, ಆದರೆ ಗಂಡನಿಗಲ್ಲ.

"ರಂಗಮ್ಮತ್ತೆ, ಆ ಕೂಸ್ನ ಅವನ ಕೈಗೆ ಕೊಡು. ಯಾರ್ದೋ ಮಕ್ಕಳಿಗೆ ಹಾಲು ಕಾಸಿ ರೂಢಿ ಐತೆ ಅವನ್ಗೆ."

ರಂಗಮ್ಮನಿಗೆ ಆ ಮಾತಿನ ಒಳಗು ತಿಳಿಯದು. ಅವಳು ನಿಜವಾಗಿಯೂ ಕೂಸನ್ನು ಮರಿಯಣ್ಣನ ತೋಳಿಗೆ ಹಾಕಿ ಬೆವರು ಒರೆಸಿಕೊಂಡಳು. ಕೂಸು ಅವನ ಎದೆಗೆ ಮುಖ ಉಜ್ಜಿ ಹಾಲು ಹುಡುಕಿತು. ಸಿಕ್ಕಿದ್ದು ಪದಕ. ಅದನ್ನೇ ಬಾಯಿಗಿಟ್ಟುಕೊಂಡು ಒಂದು ಕ್ಷಣ ಸುಮ್ಮನಾಗಿ, ಲೋಹವೆಂದು ತಿಳಿದು, ಮೋಸಹೋದವರಂತೆ ಅವನ ಮುಖವನ್ನೇ ನೋಡಿ ಮತ್ತೆ ಅಳತೊಡಗಿತು.

ಮರಿಯಣ್ಣ ಎಡಗೈಯಲ್ಲಿ ಕೂಸನ್ನು ಅವುಚಿಕೊಂಡು ಬಲಗೈಯಿಂದ ಕೀಲಿ ತೆಗೆದ. ಬೀಗ ಬಿಚ್ಚಿ, ಕಾಲಿನಿಂದ ಗೇಟು ತಳ್ಳಿದ. ಚಿತ್ರಾ ಹೊರಬಂದು ಕೂಸನ್ನು ಕಿತ್ತುಕೊಂಡವಳೇ ಹೊಂಗೆ ಮರದ ಕೆಳಗೆ ಕೂತಳು. ಅಳು ನಿಂತಿತು. ಮರಿಯಣ್ಣ ಮಣ ಭಾರ ಇಳಿಸಿದ ಹಮಾಲಿಯಂತೆ ಕುರ್ಚಿಯಲ್ಲಿ ಕುಸಿದು ಕೂತ.

ಎಲ್ಲರೂ ಈಗ ಹೊರಗೆ ನುಗ್ಗುತ್ತಾರೆ ಎಂದುಕೊಂಡಿದ್ದ. ಯಾರೂ ಬರಲಿಲ್ಲ.

"ಯಾಕ್ರವ್ವ, ತೆಗ್ದೀನಲ್ಲ" ಎಂದ.

"ತೆಗ್ದಮ್ಯಾಲೆ ಹೋಗಕೆ ಏನ್ ಅವಸರ" ಎಂದಳು ಬಸಮ್ಮ. ಬುತ್ತಿ ಬಿಚ್ಚಿ, ಗೇಟಿನ ನೆರಳಲ್ಲೇ ಎಲ್ಲರೂ ಉಂಡರು. ಒಬ್ಬಳು ಅವನಿಗೂ ರೊಟ್ಟಿ ಕೊಟ್ಟಳು. ಚಾಕುಗಳು ಮಾತ್ರ ಒಳಗೆ ನೆಲದ ಮೇಲೇ ಇದ್ದವು.

ಸಾಹುಕಾರನ ಕಾರು ಬಂದಾಗ ಗೇಟು ಬಾಯಿ ತೆರೆದಿತ್ತು. ಮರಿಯಣ್ಣ ಎದ್ದು ನಿಂತ. ಬೀಗ ಬಲಗೈಯಲ್ಲಿತ್ತು, ಸೆಲ್ಯೂಟ್ ಹೊಡೆಯಲಿಲ್ಲ. ರಾಜಶೇಖರ್ ಇಳಿದು ಗಾಳಿ ಮೂಸಿದ. ಹುಳಿ ಇನ್ನೂ ಹಿಡಿದಿರಲಿಲ್ಲ, ಹಿಡಿಯುವುದಕ್ಕೆ ಬಹಳ ಹೊತ್ತೂ ಇರಲಿಲ್ಲ. ಅತಿಥಿಗಳು ಕಾರಿನಿಂದ ಇಳಿಯುತ್ತಿದ್ದರು. ಕೂಗಾಡುವ ಹಾಗಿರಲಿಲ್ಲ. ಅವನು ಬಸಮ್ಮನ ಹತ್ತಿರ ಹೋಗಿ ನಗುಮುಖದಲ್ಲೇ ಪಿಸುಗುಟ್ಟಿದ.

"ಏನಿದು ಬಸಮ್ಮ? ನಮ್ಮ ಜನವಾಗಿ, ಒಂದೇ ಮಠದ ಭಕ್ತರಾಗಿ, ನೀನೇ ಹಿಂಗೆ ಮಾಡೋದಾ?"

"ಬೀಗ ಹಾಕೋವಾಗ ನಮ್ಮ ಜನ ಯಾರು, ಬ್ಯಾರೆ ಜನ ಯಾರು ಅಂತ ನೋಡ್ಲಿಲ್ವಲ್ಲ ಸಾವ್ಕಾರ್ರೇ. ಎಲ್ರನ್ನೂ ಒಟ್ಗೇ ಕೂಡಿದ್ರಿ."

ರಾಜಶೇಖರ್ ಗಡಿಯಾರ ನೋಡಿದ, ತೊಟ್ಟಿಯ ಕಡೆ ನೋಡಿದ. "ಆಯ್ತು. ಬೀಗ ಇಲ್ಲ. ಹಾಲು ಕೊಡೋರು ಹೋಗಿ ಬರ್ಲಿ. ಏಳ್ರಿ ಈಗ." ಆಮೇಲೆ ಮರಿಯಣ್ಣನ ಕಡೆ ತಿರುಗಿ ಹಲ್ಲು ಕಚ್ಚಿ, "ನಾಳೆಯಿಂದ ನೀನು ಬರಬೇಡ" ಎಂದ.

ಎದ್ದಿದ್ದ ಹೆಂಗಸರು ಮತ್ತೆ ಕೂತರು. ಯಾರೂ ಹೇಳಿ ಕೂರಿಸಲಿಲ್ಲ. ಲಕ್ಕಮ್ಮ ಎಲ್ಲರಿಗಿಂತ ಮೊದಲು ಕೂತಳು.

"ಅವನು ಬರ್ಲಿಲ್ಲ ಅಂದ್ರೆ ನಾವೂ ಬರಲ್ಲ" ಎಂದಳು ಬಸಮ್ಮ. "ನಿಮ್ ಉಂಡೆ ನೀವೇ ನೋಡ್ಕಳಿ."

ಸಾಹುಕಾರ ಮರಿಯಣ್ಣನ ಹೆಗಲು ತಟ್ಟಿದ. "ಬಾರಯ್ಯ, ಬಾ. ಯಾರು ಬೇಡ ಅಂದ್ರು" ಎಂದು ಅತಿಥಿಗಳ ಕಡೆ ನಡೆದ. ಹೊಂಗೆ ಮರದ ಕೆಳಗಿದ್ದ ತಾಯಿ ಕೂಸನ್ನು ತೋರಿಸಿ ಹಿಂದಿಯಲ್ಲಿ, ನಮ್ಮಲ್ಲಿ ಹೆತ್ತ ತಾಯಂದಿರಿಗೆ ಇಂಥ ಅನುಕೂಲ ಮಾಡಿಕೊಟ್ಟಿದ್ದೇವೆ ಎಂದು ವಿವರಿಸಿದ. ಅತಿಥಿಗಳು ತಲೆದೂಗಿದರು. ಕೆಲಸದವರಲ್ಲಿ ಹಿಂದಿ ತಿಳಿದವನು ಮರಿಯಣ್ಣ ಒಬ್ಬನೇ. ಹೆಂಗಸರು ಒಳಗೆ ಹೋಗಿ ಕೂತ ಮೇಲೆ ಅವನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ್ದೇ, ತೊಟ್ಟಿಯ ಸುತ್ತ ನಗು ಎದ್ದಿತು. ಚಾಕುಗಳು ಮತ್ತೆ ಆಡತೊಡಗಿದವು.

ಸಂಜೆ ಗಂಡ ಹೆಂಡತಿ ಮನೆಗೆ ನಡೆದರು. ಅಷ್ಟು ದಿನವೂ ಅವಳು ಮುಂದೆ ಹೋಗುತ್ತಿದ್ದಳು, ಅವನು ಹಿಂದೆ. ಅವತ್ತು ಅಭ್ಯಾಸ ತಪ್ಪಿ ಅವನೇ ಮುಂದಾದ. ತೆಂಗಿನ ತೋಟದ ತಿರುವಿನಲ್ಲಿ ಹಿಂದಿನಿಂದ ದನಿ ಬಂತು.

"ಏನ್ ಹಂಗ್ ಓಡ್ತೀಯ, ಪರೇಡಾ? ಆಮ್ಯಾಕೆ ಮಂಡಿ ನೋವು, ಎಣ್ಣೆ ತಿಕ್ಕು ಅಂತ ನನ್ ಪ್ರಾಣ ತೆಗಿ. ಎದೆ ಮ್ಯಾಲಿನ ಆ ಬಿಲ್ಲೆ ತೊಳ್ಕಂಡ್ಯಾ? ಕೂಸಿನ ಜೊಲ್ಲು ಅಂಟೈತೆ ನೋಡು. ಇಷ್ಟು ವರ್ಷದಾಗೆ ಇವತ್ತೇ ಕಣ ಅದು ಒಂದ್ ಕೆಲ್ಸಕ್ಕೆ ಬಂದಿದ್ದು..."

ಮರಿಯಣ್ಣ ನಡಿಗೆ ನಿಧಾನ ಮಾಡಿದ. ಅವಳು ಪಕ್ಕಕ್ಕೆ ಬಂದಳು. ಬೈಗುಳ ಮಂಡಿಯಿಂದ ಶುರುವಾಗಿ, ಒಲೆಗೆ ಸೌದೆ ಒಡೆಯದ್ದಕ್ಕೆ ಬಂದು, ಮೇಜರ್ ಸಾಹೇಬರ ನಾಯಿಯವರೆಗೂ ಹೋಗಿ, ಮತ್ತೆ ಮಂಡಿಗೆ ತಿರುಗಿತು. ನಡುವೆ ಬಾಯಿ ಹಾಕಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಅವನು ಹೂಂ ಕೂಡ ಅನ್ನಲಿಲ್ಲ.