ಮುಕದ್ದೆರ್ ಅತ್ತೆಯ ಕೈ

ಆ ವರ್ಷ ಚಳಿ ಇಳಿಯುತ್ತಿದ್ದ ಹಾಗೆ ನಮ್ಮ ಮಹಡಿಯ ಕೋಣೆಯನ್ನು ಫಿನ್ಲೆಂಡಿನಿಂದ ಬಂದ ಒಬ್ಬರಿಗೆ ಬಾಡಿಗೆಗೆ ಕೊಟ್ಟೆವು. ತೌನೊ ಎಂದು ಹೆಸರು. ಜಮೀನು ಅಳೆಯುವ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು. ಬೆಟ್ಟದಲ್ಲಿ ನಡೆದಾಡಿಕೊಂಡು ಬೇಸಿಗೆಯವರೆಗೆ ಈ ಬಿರ್ಗಿ ಊರಲ್ಲೇ ಇರುತ್ತೇನೆ ಎಂದಿದ್ದರು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬಳಿಗೇ. ಶಾಲೆಯಲ್ಲಿ ಅದನ್ನೇ ಕಲಿಸುವವಳು ನಾನು. ಹಾಗಾಗಿ ಅವರ ಮಾತು ನಮ್ಮವರಿಗೆ, ನಮ್ಮವರ ಮಾತು ಅವರಿಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು.

ಆದರೆ ಅವರು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವ ಜಾತಿ. ಶೂ ಹೊಸ್ತಿಲಾಚೆ ಬಿಡಿ ಎಂದು ಯಾರೂ ಹೇಳಬೇಕಾಗಲಿಲ್ಲ. ಅಡುಗೆ ಮಾಡಿದವರಿಗೆ "ನಿಮ್ಮ ಕೈ ಚೆನ್ನಾಗಿರಲಿ" ಅನ್ನುವುದನ್ನು ಎರಡನೇ ಊಟಕ್ಕೇ ಕಲಿತರು. ಚಹಾ ಸಾಕೆಂದರೆ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಬೇಕು ಎನ್ನುವುದು ಗೊತ್ತಾಗುವ ಮೊದಲು ಮಾತ್ರ ಒಂದು ಸಂಜೆ ಹೊಟ್ಟೆ ಉಬ್ಬರಿಸುವಷ್ಟು ಕುಡಿದಿದ್ದರು. ಬೇಕರಿಯಲ್ಲಿ ಇನ್ನೊಂದು ಫಜೀತಿ. ಬ್ರೆಡ್ ಇದೆಯಾ ಎಂದು ಕೇಳಿದರೆ ಬೇಕರಿಯ ಸಬ್ರಿ ಹುಬ್ಬು ಮೇಲೆತ್ತಿ "ಚ್" ಎಂದನಂತೆ. ಇಲ್ಲ ಅಂತ ಅದರರ್ಥ. ಇವರು, ಪಾಪ, ಏನೋ ಯೋಚಿಸುತ್ತಿದ್ದಾನೆ ಎಂದುಕೊಂಡು ನಿಂತೇ ಇದ್ದರು. ಅವನು ಮತ್ತೆ ಹುಬ್ಬೆತ್ತಿದ. ಇವರು ಮತ್ತೂ ಸಮಾಧಾನದಿಂದ ನಿಂತರು. ಕೊನೆಗೆ ಸಬ್ರಿ ತನ್ನ ಮನೆಗೆಂದು ತೆಗೆದಿಟ್ಟಿದ್ದ ಬ್ರೆಡ್ಡನ್ನೇ ಕೊಟ್ಟು ಕಳಿಸಿದ. ಊರು ನಕ್ಕಿತು, ಇವರನ್ನು ಒಳಗೂ ಬಿಟ್ಟುಕೊಂಡಿತು.

ಮುಕದ್ದೆರ್ ಅತ್ತೆ ನನ್ನ ಅಪ್ಪನ ತಂಗಿ. ಗಂಡ ಹೋದ ಮೇಲೆ ನಮ್ಮ ಜೊತೆಗೇ ಇದ್ದಳು. ಮಸೀದಿಯ ಕೆಳಗಿನ ಬೀದಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ತಲೆಗೂದಲಿಗೆ ತಪ್ಪದೆ ಮದರಂಗಿ ಹಚ್ಚುತ್ತಿದ್ದಳು. ವಯಸ್ಸು ಕೇಳಿದರೆ ಐವತ್ತೆರಡು ಅನ್ನುತ್ತಿದ್ದಳು. ಬಹಳ ಕಾಲದಿಂದ ಐವತ್ತೆರಡೇ. ತೌನೊ ಅವರ ಕೋಟಿನ ಒಳಗಿನ ಅಸ್ತರು ಹರಿದಾಗ ಹೊಲಿದುಕೊಟ್ಟಿದ್ದು ಅವಳೇ. ಆಮೇಲೆ ಅವರು ಬೆಟ್ಟದಿಂದ ಇಳಿದು ಬರುವಾಗಲೆಲ್ಲ ಆ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೇ ಬರುತ್ತಿದ್ದರು. ಇವಳಿಗೆ ಅವರ ಭಾಷೆ ಬಾರದು, ಅವರಿಗೆ ಇವಳದು ನಾಲ್ಕು ಮಾತು. ಆ ನಾಲ್ಕರಲ್ಲಿ ಎರಡು "ಮುಕದ್ದೆರ್ ಹನೀಮ್". ದೊಡ್ಡ ಮನೆತನದ ಹೆಂಗಸನ್ನು ಕರೆಯುವ ಹಾಗೆ, ತಲೆ ಸ್ವಲ್ಪ ಬಾಗಿಸಿ ಕರೆಯುತ್ತಿದ್ದರು.

ರಂಜಾನ್ ಉಪವಾಸ ಮುಗಿದು ಸಕ್ಕರೆ ಹಬ್ಬ ಬಂತು. ಬೆಳಗಿನ ನಮಾಜು ಮುಗಿಸಿ ಗಂಡಸರು ಬರುತ್ತಿದ್ದ ಹಾಗೆ ಅಪ್ಪನ ತಾಯಿ ಶೆರಿಫೆ ಅಜ್ಜಿ ನಡುಮನೆಯ ಸೋಫಾದಲ್ಲಿ ಕೂತಳು. ಅಪ್ಪ, ಅಮ್ಮ, ನಾನು, ಅಕ್ಕಪಕ್ಕದವರು ಎಲ್ಲರೂ ಒಬ್ಬೊಬ್ಬರಾಗಿ ಅವಳ ಕೈಗೆ ಮುತ್ತಿಟ್ಟು ಆ ಕೈಯನ್ನು ಹಣೆಗೆ ಒತ್ತಿಕೊಂಡೆವು. ಸಾಲಿನ ಕೊನೆಯಲ್ಲಿ, ಇಸ್ತ್ರಿ ಮಾಡಿದ ಕಪ್ಪು ಸೂಟು ತೊಟ್ಟು, ತೌನೊ ನಿಂತಿದ್ದರು. ಅವರ ಸರದಿ ಬಂದಾಗ ಉದ್ದನೆಯ ದೇಹವನ್ನು ಮಡಚಿ ಅಜ್ಜಿಯ ಕೈಗೆ ಮುತ್ತಿಟ್ಟರು, ಹಣೆಗೆ ಒತ್ತಿಕೊಂಡರು. ಅಜ್ಜಿಯ ಕಣ್ಣು ತುಂಬಿತು. "ನೂರು ವರ್ಷ ಬಾಳು ಮಗನೇ" ಎಂದು ಹರಸಿ ಅವರ ಅಂಗೈಗೆ ಮಿಠಾಯಿ ಹಾಕಿದಳು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಅಜ್ಜಿಯ ಪಕ್ಕದಲ್ಲಿ, ತಾನೇ ಹೊಲಿದ ನೀಲಿ ಬಟ್ಟೆ ಉಟ್ಟು, ಮುಕದ್ದೆರ್ ಅತ್ತೆ ಕೂತಿದ್ದಳು. ಕೈ ಕುಲುಕಲೆಂದು ಕೈ ಮುಂದೆ ಮಾಡಿದಳು. ತೌನೊ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದರು, ಬಾಗಿದರು, ಮುತ್ತಿಟ್ಟರು, ಹಣೆಗೆ ಒತ್ತಿಕೊಂಡರು.

ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು. ನಮ್ಮಲ್ಲಿ ಕಿರಿಯರು ಹಿರಿಯರ ಕೈಗೆ ಮುತ್ತಿಡುತ್ತಾರೆ. ಹುಬ್ಬಿನವರೆಗೆ ನರೆತ ಮನುಷ್ಯ ಒಬ್ಬ ಹೆಂಗಸಿನ ಕೈಯನ್ನು ಹಣೆಗೆ ಒತ್ತಿಕೊಂಡರೆ ಅವಳಿಗೆ ಎಷ್ಟು ವಯಸ್ಸು ಕಟ್ಟಿದ ಹಾಗಾಯಿತು? ಎದುರುಮನೆಯ ಹನೀಫೆ ಸುಮ್ಮನಿರಬಹುದಿತ್ತು.

"ಮುಕದ್ದೆರಜ್ಜಿ, ಮಗೂಗೆ ಮಿಠಾಯಿ ಕೊಡಲ್ವಾ?" ಎಂದಳು.

ಅತ್ತೆ ತುಟಿಯಲ್ಲಷ್ಟೇ ನಕ್ಕಳು. ಹಬ್ಬಕ್ಕೆ ಬಂದವರ ಕೈಗೆ ಹಾಕುವ ವಾಡಿಕೆಯಂತೆ ಅತಿಥಿಯ ಕೈಗೂ ನಿಂಬೆ ಪರಿಮಳದ ಕಲೋನ್ ಸುರಿದಳು. ತೋಳಿನವರೆಗೆ ಹರಿಯುವಷ್ಟು ಸುರಿದು ಅಡುಗೆಮನೆಗೆ ಹೋದಳು.

ನಾನು ಹಿಂದೆಯೇ ಹೋದೆ. ಅವಳು ತೊಳೆದಿಟ್ಟ ಕಾಫಿ ಬಟ್ಟಲುಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅವರಿಗೇನು ಗೊತ್ತು, ಹೊರಗಿನವರು ಎಂದೆ. ಹನೀಫೆಯ ಬಾಯಿಂದ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಸಿಡುಕಿದಳು. ಅಷ್ಟೇ ಇರಬೇಕೆಂದುಕೊಂಡೆ. ಆಮೇಲೆ ನಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗದೆಯೇ ಹೇಳಿದಳು.

"ಈ ಊರಲ್ಲಿ ಎಲ್ರಿಗೂ ನಾನು ಚಿಕ್ಕಮ್ಮ ಕಣೇ ಉಲ್ಕೆರ್. ಮೀಸೆ ಬಂದಿರೋರೂ ಚಿಕ್ಕಮ್ಮ ಅಂತಾರೆ. ಹೆಸರು ಹಿಡಿದು ಕರೀತಿದ್ದೋರು ಇವ್ರೊಬ್ರೇ. ಇವ್ರ ಕಣ್ಣಿಗೂ ನಾನು ಮುದುಕಿನೇ ಆಗಿಬಿಟ್ನಾ?"

ನಾನು ನೇರ ಮಹಡಿಗೆ ಹೋದೆ. ತೌನೊ ಕಿಟಕಿಯ ಬಳಿ ನಿಂತಿದ್ದರು. ಏನೋ ತಪ್ಪಾಗಿದೆ ಎಂಬುದು ಅವರಿಗೂ ಹೊಳೆದಿತ್ತು, ಏನೆಂದು ಗೊತ್ತಿರಲಿಲ್ಲ. ವಿವರಿಸಿದೆ. ಇಂದೇ ಪಟ್ಟಣಕ್ಕೆ, ಇಜ್ಮಿರ್‌ಗೆ ಹೋಗಿ ಬೇರೆ ಕೋಣೆ ನೋಡಿಕೊಳ್ಳುತ್ತೇನೆ ಎಂದರು. ಹಬ್ಬದ ದಿನ ಮನೆ ಬಿಟ್ಟು ಹೋದರೆ ಅದು ಇದಕ್ಕಿಂತ ದೊಡ್ಡ ಅವಮಾನ ಎಂದು ತಡೆದೆ. ಅವರು ಕೂತುಕೊಂಡು, ಫಿನ್ಲೆಂಡಿನಲ್ಲಿ ತಾವು ಯಾರ ಕೈಗೂ ಮುತ್ತಿಟ್ಟವರಲ್ಲ, ಅಪ್ಪಿಕೊಂಡಿದ್ದೂ ಕಡಿಮೆ ಎಂದರು. ನಂತರ ಹೇಳಿದರು:

"ಅಜ್ಜಿ ಕೈಗೆ ಎಲ್ಲರೂ ಮುತ್ತಿಟ್ರು, ನಾನೂ ಇಟ್ಟೆ. ಮುಕದ್ದೆರ್ ಹನೀಮ್ ಕೈಗೆ ಇಟ್ಟಿದ್ದು ಮಾತ್ರ ಯಾರನ್ನೋ ನೋಡಿ ಅಲ್ಲ."

ಇದನ್ನು ಅತ್ತೆಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅಜ್ಜಿಗೆ ಹೇಳಿದೆ. ಅಜ್ಜಿ ಬೊಚ್ಚುಬಾಯಿಯಲ್ಲಿ ಮಿಠಾಯಿ ಚೀಪುತ್ತ ಕೇಳಿಸಿಕೊಂಡಳು. ಅವರ ವಯಸ್ಸೆಷ್ಟು ಎಂದು ವಿಚಾರಿಸಿದಳು. ಅರವತ್ತೇಳು ಎಂದೆ. ತನ್ನ ಮಗಳಿಗೆ ಅವರಿಗಿಂತ ಕಡಿಮೆಯೇ, ಎಷ್ಟು ಕಡಿಮೆ ಅಂತ ಮಾತ್ರ ಕೇಳಬೇಡ ಎಂದಳು. ನಂತರ ಮಗಳನ್ನು ಕರೆದಳು.

"ನಾಳೆ ಎಲ್ರೂ ಮೇಲೆ ಹೋಗೋಣ. ವಯಸ್ಸಾದೋರು, ಒಬ್ರೇ ಇದ್ದಾರೆ. ಹಬ್ಬಕ್ಕೆ ನಾವು ಹೋಗಿ ನೋಡ್ಬೇಕಾದ್ದು ಧರ್ಮ. ನೀನು ಅವ್ರ ಕೈಗೆ ಮುತ್ತಿಡು. ಚಿಕ್ಕೋಳು ಯಾರು ಅಂತ ಹನೀಫೆ ಕಣ್ಣಾರೆ ನೋಡ್ಲಿ. ಅವಳನ್ನೂ ಕರಿ."

ಅತ್ತೆ ಒಲ್ಲೆ ಎಂದಳು, ತಲೆನೋವು ಎಂದಳು, ಅಂಗಡಿ ತೆರೆಯಬೇಕು ಎಂದಳು. ಹಬ್ಬದಲ್ಲಿ ಎಂಥ ಅಂಗಡಿ? ಮರುದಿನ ಮಧ್ಯಾಹ್ನ ನೀಲಿ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿದಳು. ಅಜ್ಜಿಯನ್ನು ಅಪ್ಪ ಕೈಹಿಡಿದು ಹತ್ತಿಸಿದ. ಹಿಂದೆ ಅಮ್ಮ, ನಾನು, ಕರೆಸಿಕೊಂಡ ಹನೀಫೆ.

ನಾವು ಬರುತ್ತೇವೆ ಎಂದು ಮೊದಲೇ ತಿಳಿಸಿದ್ದರಿಂದ ತೌನೊ ಮಿಠಾಯಿ ಇಟ್ಟು, ಕಲೋನ್ ಬಾಟಲಿ ಇಟ್ಟು, ಅದೇ ಕಪ್ಪು ಸೂಟಿನಲ್ಲಿ ಕಾದಿದ್ದರು. ಅತ್ತೆ ನೇರ ಅವರೆದುರು ಹೋಗಿ, ಒಲ್ಲದ ಮದ್ದು ನುಂಗುವವಳ ಹಾಗೆ ಅವರ ಕೈ ಹಿಡಿದು ಬಾಗಿದಳು. ತುಟಿ ಇನ್ನೇನು ತಾಗಬೇಕು, ಅವರು ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಂಡು ಎದೆಯ ಮೇಲೆ ಇಟ್ಟುಕೊಂಡರು.

"ಬೇಡಿ ಮುಕದ್ದೆರ್ ಹನೀಮ್. ನಾನಿನ್ನೂ ಅಷ್ಟು ಮುದುಕ ಆಗಿಲ್ಲ," ಎಂದರು, ನಮ್ಮ ಭಾಷೆಯಲ್ಲೇ.

ನಾನು ಹೇಳಿಕೊಟ್ಟ ಮಾತಲ್ಲ ಅದು. ಹಿಂದಿನ ಸಂಜೆ ಬೇಕರಿಯ ಮುಂದೆ ಹುಡುಗರು ಸಬ್ರಿಯ ಕೈಗೆ ಮುತ್ತಿಡಹೋದಾಗ ಅವನು ಕೈ ಎಳೆದುಕೊಂಡು ಹೀಗೆ ಅಂದಿದ್ದನಂತೆ. ಇವರು ದೂರ ನಿಂತು ನೋಡಿ ಕಲಿತು ಬಂದಿದ್ದರು.

ಅಜ್ಜಿಯ ಉಪಾಯ ಮುರಿದುಬಿತ್ತು. ಅತ್ತೆ ಬಾಗಿದ ಭಂಗಿಯಲ್ಲೇ ತಲೆಯೆತ್ತಿ ಅವರನ್ನು ನೋಡಿದಳು. ಅವಳ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾಳೆ ಎಂದು ಒಂದು ಕ್ಷಣ ಹೆದರಿದೆ. ನಗುತ್ತಿದ್ದಳು.

"ನೀವೇ ಮುದುಕರಲ್ಲ ಅಂದ್ಮೇಲೆ ನಾನು ಹೇಗ್ರೀ ಮುದುಕಿ ಆಗ್ತೀನಿ?" ಎಂದು ನೆಟ್ಟಗೆ ನಿಂತು ಕೈ ಚಾಚಿದಳು. ಇಬ್ಬರೂ ಸಮಾನರ ಹಾಗೆ ಕೈ ಕುಲುಕಿದರು. ಹನೀಫೆ ಮಿಠಾಯಿಗೆ ಕೈ ಹಾಕಿದಳು. ತೌನೊ ಎಲ್ಲರಿಗೂ ಕಾಫಿ ಮಾಡಿಕೊಟ್ಟರು. ಪಾತ್ರೆ ತೊಳೆದ ನೀರಿನ ಹಾಗಿತ್ತು. ಅತ್ತೆ ಕೊನೆಯ ಗುಟುಕಿನವರೆಗೆ ಕುಡಿದು, ನಿಮ್ಮ ಕೈ ಚೆನ್ನಾಗಿರಲಿ ಎಂದಳು.

ಜೂನ್ ತಿಂಗಳಲ್ಲಿ ಅವರು ಹೊರಟರು. ಮಿನಿಬಸ್ಸು ಮನೆಯ ಮುಂದಿನಿಂದಲೇ ಹೋಗುತ್ತದೆ. ಎಲ್ಲರೂ ಬೀದಿಗೆ ಬಂದು ಕಳಿಸಿಕೊಟ್ಟೆವು. ಬಸ್ಸು ಹೊರಡುತ್ತಿದ್ದ ಹಾಗೆ ಅತ್ತೆ ಒಳಗೋಡಿ ತಂಬಿಗೆ ತುಂಬ ನೀರು ತಂದು ಅದರ ಹಿಂದೆ ರಪ್ಪನೆ ಎರಚಿದಳು.

ಸಂಜೆ ಇಜ್ಮಿರ್‌ನ ವಿಮಾನ ನಿಲ್ದಾಣದಿಂದ ನನಗೆ ಫೋನು ಬಂತು. ತೌನೊ ತೊದಲುತ್ತಿದ್ದರು. ಬಸ್ಸಿನ ಹಿಂದಿನ ಗಾಜಿನಿಂದ ನೋಡಿದೆ, ಮುಕದ್ದೆರ್ ಹನೀಮ್ ನನ್ನ ಕಡೆ ನೀರೆರಚಿದರು, ಮತ್ತೇನು ತಪ್ಪು ಮಾಡಿದೆ ಎಂದು ಕೇಳಿದರು. ನೀರಿನ ಹಾಗೆ ಸರಾಗ ಹೋಗಿ, ನೀರಿನ ಹಾಗೆ ಹರಿದು ಮರಳಿ ಬರಲಿ ಅಂತ ಪ್ರಿಯರ ಹಿಂದೆ ಎರಚುವ ನೀರು ಅದು ಎಂದೆ.

"ಆ ನೀರು ಸಾಮಾನ್ಯವಾಗಿ ಯಾವಾಗ ವಾಪಸ್ ಬರತ್ತೆ?" ಎಂದು ಕೇಳಿದರು.

ಫೋನನ್ನು ಅತ್ತೆಯ ಕೈಗೆ ಕೊಟ್ಟು, ಅವಳಿಗೆ ಪ್ರಶ್ನೆ ತಿಳಿಸಿದೆ. ಅವಳು ಸೆರಗಿನಂತೆ ಜಾರುತ್ತಿದ್ದ ತಲೆವಸ್ತ್ರ ಸರಿಪಡಿಸಿಕೊಂಡು, ಅವರಿಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಹೇಳಿದಳು: ಅಂಜೂರ ಒಣಗಿಸೋ ಹೊತ್ತಿಗೆ.

ಬೇಸಿಗೆ ಮುಗಿಯುತ್ತಿದ್ದ ಹಾಗೆ, ಅಂಗಳದ ತುಂಬ ಅಂಜೂರ ಹರವಿದ್ದ ದಿನಗಳಲ್ಲಿ ಅವರು ಬಂದರು. ಆ ಕೋಣೆಯನ್ನು ಆಮೇಲೆ ನಾವು ಬೇರೆ ಯಾರಿಗೂ ಕೊಟ್ಟಿಲ್ಲ.