ಜವರಪ್ಪನ ತೂಗುಗೋಲು

ದೇವರಾಜ ಮೊಹಲ್ಲಾದಲ್ಲಿ ಹೊಲಿಗೆ ಮಿಷಿನ್ನು ಕೆಟ್ಟರೂ ಸೈಕಲ್ಲು ಕೆಟ್ಟರೂ ಜನ ಹೋಗುತ್ತಿದ್ದುದು ಜವರಪ್ಪನ ಅಂಗಡಿಗೇ. ಅಂಗಡಿ ಎಂದರೆ ಇಬ್ಬರು ಒಳಗೆ ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಅದರಲ್ಲಿ ಕೂತ ಮನುಷ್ಯನಿಗೋ, ಕೆಟ್ಟು ನಿಂತದ್ದು ಯಾವುದನ್ನು ಕಂಡರೂ ಕೈ ಸುಮ್ಮನಿರುತ್ತಿರಲಿಲ್ಲ. ಯಾರದೋ ಮನೆಯ ಗೋಡೆ ಗಡಿಯಾರ ನಿಂತಿದೆ ಎಂದು ಕಿವಿಗೆ ಬಿದ್ದರೆ ಸಾಕು, ಕರೆಯದಿದ್ದರೂ ಹೋಗಿ ಬಿಚ್ಚಿ ಹರಡಿಕೊಂಡು ಕೂರುವ ಪೈಕಿ. ಅಂಥವನ ಒಡಹುಟ್ಟಿದ ತಂಗಿಯ ಕಾಲು ಮುರಿದು ನಾಲ್ಕು ತಿಂಗಳಾಗಿತ್ತು. ಅದೊಂದನ್ನು ರಿಪೇರಿ ಮಾಡುವ ದಾರಿ ಮಾತ್ರ ಅವನಿಗೆ ಕಾಣದೆ ಒಳಗೊಳಗೇ ಬೇಯುತ್ತಿದ್ದ.

ತಂಗಿ ಮಂಗಳಮ್ಮ ಗಾರೆ ಕೆಲಸದವಳು. ಯಾದವಗಿರಿಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಸಾರವೆಯಿಂದ ಗಾರೆ ತುಂಬಿದ ಬಾಂಡ್ಲಿಯ ಸಮೇತ ಕೆಳಗೆ ಬಿದ್ದು ತೊಡೆಯ ಮೂಳೆ ಎರಡು ತುಂಡಾಗಿತ್ತು. ನಾಟಿ ವೈದ್ಯರು ಬಿದಿರು ದಬ್ಬೆ ಇಟ್ಟು ಕಟ್ಟು ಹಾಕಿದರು, ಎಣ್ಣೆ ಹುಯ್ದರು. ಮೂಳೆ ಕೂಡಲಿಲ್ಲ. ಮಗ್ಗುಲು ಬದಲಿಸಬೇಕಾದರೂ ಅವಳು ಕೂಗಿಕೊಳ್ಳುವುದನ್ನು ಕೇಳಲಾರದೆ ಜವರಪ್ಪ ಒಂದು ದಿನ ಜಟಕಾದಲ್ಲಿ ಹಾಸಿಗೆ ಹಾಸಿ, ಅವಳನ್ನು ಸಂತ ರಫಾಯೇಲರ ಆಸ್ಪತ್ರೆಗೆ ತಂದ. ಇದು ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಮಾತು. ಆ ಆಸ್ಪತ್ರೆಯ ಡಾಕ್ಟರ್ ಇಗ್ನೇಷಿಯಸ್ ಮುರಿದ ಮೂಳೆ ಕೂಡಿಸುವುದರಲ್ಲಿ ಹೆಸರಾದವರು. ಅವರ ಕೈಗೆ ಹೋದ ಕಾಲು ನಡೆದುಕೊಂಡೇ ವಾಪಸು ಬರುತ್ತದೆ ಎಂದು ಮಾರ್ಕೆಟ್ಟಿನ ಹೂವಾಡಿಗ ಹುಚ್ಚಣ್ಣನಿಂದ ಹಿಡಿದು ಎಲ್ಲರೂ ಹೇಳಿದ್ದರು.

ಡಾಕ್ಟರು ಕಾಲನ್ನು ನೋಡಿದರು, ಕ್ಷ-ಕಿರಣದ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. "ಉಕ್ಕಿನ ಪಟ್ಟಿ ಇಟ್ಟು ಎಂಟು ತಿರುಪು ಹಾಕಿದರೆ ಕೂಡುತ್ತೆ," ಎಂದರು. ಜವರಪ್ಪನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲೇ ಅವರು, "ಆದರೆ ನಾನು ಮಾಡೋದಿಲ್ಲ. ಮದ್ರಾಸಿಗೆ ಕರ್ಕೊಂಡು ಹೋಗಿ," ಎಂದುಬಿಟ್ಟರು.

ದೇವರಾಜ ಮೊಹಲ್ಲಾದಿಂದ ಇಲ್ಲಿಗೆ ಬರುವಷ್ಟರಲ್ಲೇ ಎರಡು ಸಲ ಎಚ್ಚರ ತಪ್ಪಿದ್ದವಳು ಮದ್ರಾಸಿನವರೆಗೆ ಹೋಗುವುದೆಂತು?

"ಯಾಕ್ ಸ್ವಾಮಿ? ನಮ್ಮಿಂದ ಏನಾರ ತಪ್ಪಾಯ್ತಾ?"

ಬೇರೆ ಯಾರಾದರೂ ಆಗಿದ್ದರೆ ಏನೋ ಒಂದು ಸಬೂಬು ಹೇಳಿ ಸಾಗಹಾಕುತ್ತಿದ್ದರು. ಇಗ್ನೇಷಿಯಸ್ ಡಾಕ್ಟರು ಬಲಗೈ ಚಾಚಿ ಹೆಬ್ಬೆರಳಿನ ಬುಡ ತೋರಿಸಿದರು. ಅಲ್ಲಿ ಗಂಟು ಊದಿಕೊಂಡಿತ್ತು. "ತಪ್ಪು ನಿಮ್ಮದಲ್ಲ ಜವರಪ್ಪನವರೇ, ಈ ಕೈಯದು. ಅರ್ಧ ಗಂಟೆ ಡ್ರಿಲ್ ಹಿಡಿದರೆ ನಡುಗೋಕೆ ಶುರುವಾಗುತ್ತೆ. ಹೋದ ತಿಂಗಳು ಮೂಳೆಯ ಆಚೆ ಪಕ್ಕ ತೂತು ಬೀಳ್ತಿದ್ದ ಹಾಗೇ ಕೈ ಜಾರಿ ಡ್ರಿಲ್ ಒಳಕ್ಕೆ ನುಗ್ಗಿಬಿಡ್ತು. ರಕ್ತದ ದೊಡ್ಡ ನಾಳ ಕೂದಲೆಳೆಯಲ್ಲಿ ಉಳೀತು. ಇನ್ನು ಆ ಡ್ರಿಲ್ ಮುಟ್ಟೋದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ."

ಹೇಳುವಾಗ ಅವರ ದನಿ ಸಣ್ಣಗಾಗಿತ್ತು. ಇಪ್ಪತ್ತೈದು ವರ್ಷ ಮಾಡಿದ ಕೆಲಸವನ್ನು ಬಿಡುವ ಮನುಷ್ಯನ ಸಂಕಟ ಜವರಪ್ಪನಿಗೆ ತನ್ನ ಸಂಕಟದ ನಡುವೆಯೂ ತಾಗಿತು. ತಲೆ ಕೆರೆದುಕೊಂಡು ಕೇಳಿದ: "ಆ ಮಿಷಿನ್ನ ಒಂದ್ಸಲ ನೋಡ್‌ಬೌದಾ ಸ್ವಾಮಿ?"

ಆಪರೇಷನ್ ಕೋಣೆಯ ಮುಖ್ಯ ನರ್ಸು ಸಹಾಯಮೇರಿ ಹುಬ್ಬು ಗಂಟಿಕ್ಕಿಕೊಂಡೇ ಅದನ್ನು ಹೊರಗೆ ತಂದಿಟ್ಟಳು. ನೆಲದ ಮೇಲೆ ಕುಕ್ಕರಿಸಿದ ಒಂದು ಮೋಟಾರು. ಅದರಿಂದ ಹೊರಟ ಹೆಬ್ಬೆರಳು ಗಾತ್ರದ ಕೇಬಲ್ಲು. ಕೇಬಲ್ಲಿನ ಒಳಗೆ ತಂತಿ ತಿರುಗುತ್ತದೆ, ಅದರ ತುದಿಯಲ್ಲಿರುವ ಉಕ್ಕಿನ ಹಿಡಿ ಕೊರೆಯುತ್ತದೆ. ಸಾಮಾನು ಸೀಮೆಯದು, ಬಲು ಚೆನ್ನಾಗಿತ್ತು. ಜವರಪ್ಪ ಹಿಡಿಯನ್ನು ಎತ್ತಿದ. ಮೂರು ರಾತ್ಲಿಗೆ ಕಮ್ಮಿಯಿಲ್ಲ. ಮೋಟಾರು ಹಾಕಿಸಿದ. ಕೇಬಲ್ಲು ಹಗ್ಗ ಬಿಚ್ಚಿದ ಹೋರಿಗರುವಿನಂತೆ ಮಗ್ಗುಲಿಗೆ ಎಳೆಯತೊಡಗಿತು. ಸುತ್ತಿಗೆ ಹಿಡಿದು ಪಳಗಿದ ಅವನ ಕೈಯೇ ಐದು ನಿಮಿಷಕ್ಕೆ ಸೋತಿತು.

"ಸ್ವಾಮಿ," ಎಂದ, ಅದನ್ನು ಕೆಳಗಿಟ್ಟು. "ನಿಮ್ ಕೈ ಕೆಟ್ಟಿಲ್ಲ. ಈ ಮಿಷಿನ್ ಮಾಡ್ದೋರು ಕೊರೆಯೋ ಕೈಲೇ ಹೊರೆ ಹೊರ್ಸವ್ರೆ. ಹೊರೆ ನಂಗ್ ಬುಡಿ, ನೀವು ಕೊರೀರಿ."

ಡಾಕ್ಟರು ನಕ್ಕರು. ತಿಂಗಳ ಮೇಲೆ ಅವರು ನಕ್ಕದ್ದು ಅದೇ ಮೊದಲು ಎಂದು ಸಹಾಯಮೇರಿ ಆಮೇಲೆ ಹೇಳಿದಳು. "ಭಾರ ಇದೆ ಅನ್ನೋದೇ ನನಗೆ ಗೊತ್ತಾಗಬಾರದು. ಅಂಥದ್ದು ಮಾಡಿದರೆ ನಿಮ್ಮ ತಂಗಿಯ ಕಾಲು ಮುಟ್ತೀನಿ. ಆಗಲಿಲ್ಲವೋ, ಅಲ್ಲಿಗೆ ನಿಲ್ಲಿಸ್ತೀನಿ," ಎಂದರು.

ಮೂರು ವಾರ ಜವರಪ್ಪನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ನಾಳೆ ಬಾ ಎಂಬುದೇ ಉತ್ತರವಾಯಿತು. ಆಳೆತ್ತರದ ಕಬ್ಬಿಣದ ಕಂಬ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಉದ್ದನೆಯ ಉಕ್ಕಿನ ಕೊಳವೆಯೊಂದನ್ನು ತಕ್ಕಡಿಯ ದಂಡಿಯಂತೆ ಅಡ್ಡ ಕೂರಿಸಿದ. ಅದು ಮೇಲೆ ಕೆಳಗೆ, ಆಚೆ ಈಚೆ ಸಲೀಸಾಗಿ ಆಡಲೆಂದು ಸೈಕಲ್ಲಿನ ಬೇರಿಂಗ್ ಗುಂಡುಗಳನ್ನು ಹಾಕಿದ. ನೆಲದ ಮೇಲೆ ದಂಡಪಿಂಡದಂತೆ ಕೂತಿದ್ದ ಮೋಟಾರನ್ನು ಕೊಳವೆಯ ಹಿಂದಿನ ತುದಿಗೆ ಕಟ್ಟಿದ. ಮುಂದಿನ ತುದಿಯ ಕೊಕ್ಕೆಯಿಂದ ಡ್ರಿಲ್ಲನ್ನು ಇಳಿಬಿಟ್ಟ. ಮೋಟಾರಿನ ಭಾರಕ್ಕೆ ಡ್ರಿಲ್ಲಿನ ಭಾರ ಸರಿಹೋಗುವಂತೆ ಸೀಸದ ಚೂರುಗಳನ್ನಿಟ್ಟು ತೊಲ ತೊಲ ಲೆಕ್ಕದಲ್ಲಿ ತೂಗಿದ. ಕೊನೆಗೆ ಕಿರುಬೆರಳಿನಿಂದ ಮುಟ್ಟಿದರೆ ಡ್ರಿಲ್ಲು ಏಳುವುದು, ಮುಟ್ಟಿದರೆ ಇಳಿಯುವುದು, ಬಿಟ್ಟಲ್ಲಿ ನಿಲ್ಲುವುದು! ಹುಚ್ಚಣ್ಣ ಹೂವಿನ ಬುಟ್ಟಿ ಇಳಿಸಿ, ಇದರೊಳಗೆ ಯಾವ ದೇವರು ಬಂದು ಕೂತವನೆ ಎಂದು ಕೇಳಿದ. ಜವರಪ್ಪನಿಗೂ ಅವತ್ತು ಸ್ವಲ್ಪ ಜಂಬ ಬಂದದ್ದು ನಿಜ.

ಆಸ್ಪತ್ರೆಯಲ್ಲಿ ಸಹಾಯಮೇರಿ ಜಂಬ ಇಳಿಸಿದಳು. "ಡ್ರಿಲ್ ಏನೋ ಬೇಯಿಸಬಹುದು. ಈ ಕೇಬಲ್ಲು, ಕೊಕ್ಕೆ, ಕೊಳವೆ? ಇದರ ಧೂಳೆಲ್ಲ ಗಾಯಕ್ಕೆ ಉದುರಬೇಕಾ?" ಎಂದು ದಬಾಯಿಸಿ, ತಾನೇ ಕೂತು ದಪ್ಪ ಬಟ್ಟೆಯ ಉದ್ದನೆಯ ಗವಸು ಹೊಲಿದಳು. ಡ್ರಿಲ್ಲಿನ ಕತ್ತಿನಿಂದ ಕೊಳವೆಯ ನಡುವಿನವರೆಗೆ ಬರುವ ಆ ಗವಸನ್ನು ಹಬೆಯಲ್ಲಿ ಬೇಯಿಸಿ ತೊಡಿಸುವುದೆಂದು ತೀರ್ಮಾನವಾಯಿತು.

ಬರಿಯ ಡ್ರಿಲ್ಲನ್ನು ಆಡಿಸಿ ನೋಡಿ ಡಾಕ್ಟರು ಒಪ್ಪಿದರು. ಗುರುವಾರ ಬೆಳಗ್ಗೆ ಆಪರೇಷನ್ನು. ತೂಗುಗೋಲು ಮಾಡಿದವನು ಒಳಗಿರಲೇಬೇಕು ಎಂದರು ಡಾಕ್ಟರು. "ಅಣ್ಣನನ್ನೇ ಒಳಕ್ಕೆ ಬಿಡೋದಾ? ರಕ್ತ ನೋಡಿ ಬಿದ್ದರೆ ಇವರನ್ನ ಎತ್ತೋರು ಯಾರು?" ಎಂದಳು ಸಹಾಯಮೇರಿ. ಹಾಗೆನ್ನುತ್ತಲೇ ಅವನಿಗೆ ನಿಲುವಂಗಿ ತೊಡಿಸಿ, ಬಾಯಿಗೆ ಬಟ್ಟೆ ಕಟ್ಟಿ, ಮೂಲೆಯಲ್ಲಿ ನಿಲ್ಲಿಸಿದಳು. ಈಥರ್ ಕೊಟ್ಟರೆ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳುವ ಭಯವಿತ್ತು. ಅದಕ್ಕೇ ಮಂಗಳಮ್ಮನಿಗೆ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸಿದ್ದರು. ಅಡ್ಡ ಕಟ್ಟಿದ ಬಟ್ಟೆಯ ಆಚೆ ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು.

ನೋಡಬಾರದು ಎಂದುಕೊಂಡಿದ್ದ ಜವರಪ್ಪ ನೋಡಿಯೇ ನೋಡಿದ. ಡಾಕ್ಟರು ಚರ್ಮ ಬಿಡಿಸಿ, ಮಾಂಸವನ್ನು ಎರಡು ಪಕ್ಕಕ್ಕೆ ಸರಿಸಿದಾಗ ಒಳಗೆ ಮೂಳೆ ಕಂಡಿತು. ಮೂಳೆ ಎಂದರೆ ಅವನ ಮಟ್ಟಿಗೆ ಸುಡುಗಾಡಿನಲ್ಲಿ ಬಿದ್ದಿರುವ ಒಣಕಲು ಬಿಳಿ ತುಂಡು. ಇದು ಹಸಿಯಾಗಿತ್ತು, ಎಳೆಗೆಂಪಾಗಿ ಹೊಳೆಯುತ್ತಿತ್ತು. ಮೈಮೇಲೆ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆಗಳು ಒರೆಸಿದಷ್ಟೂ ಮೂಡುತ್ತಿದ್ದವು. ಜೀವ ಇಷ್ಟು ಗಟ್ಟಿಯಾದ ವಸ್ತುವಿನೊಳಕ್ಕೂ ಇಳಿದಿದೆಯಲ್ಲ! ಚಿಕ್ಕಂದಿನಲ್ಲಿ ಅವನು ಹೆಗಲ ಮೇಲೆ ಹೊತ್ತು ತಿರುಗಿಸಿದ ಕೂಸು ಇದನ್ನೇ ಊರಿಕೊಂಡು ನಡೆಯಲು ಕಲಿತದ್ದು, ಇದರ ಮೇಲೇ ನಿಂತು ನಾಲ್ಕು ಅಂತಸ್ತಿಗೆ ಗಾರೆ ಹೊತ್ತದ್ದು. ಒಂದು ತಿರುಪಿಲ್ಲ, ಒಂದು ಬೆಸುಗೆಯಿಲ್ಲ. ಇದನ್ನು ಮಾಡಿದ ಮೇಸ್ತ್ರಿ ಯಾರಪ್ಪಾ ಎಂದು ಜವರಪ್ಪನಿಗೆ ಮೈ ಜುಮ್ಮೆಂದಿತು. ಕೈಗಳು ತಾವಾಗಿ ಮುಗಿದುಕೊಂಡವು.

ಆಮೇಲೆ ಡಾಕ್ಟರು ಡ್ರಿಲ್ಲನ್ನು ಕೈಗೆ ತೆಗೆದುಕೊಂಡರು. ತೆಗೆದುಕೊಂಡವರು ತಟ್ಟನೆ ನಿಂತರು.

"ಜವರಪ್ಪನವರೇ, ಇದು ಕೆಳಕ್ಕೆ ಜಗ್ಗುತ್ತಿದೆ."

ಗವಸು! ಹಬೆಯಿಂದ ತೆಗೆದ ದಪ್ಪ ಬಟ್ಟೆ ನೀರು ಕುಡಿದು ಡ್ರಿಲ್ಲಿನ ಪಕ್ಕಕ್ಕೆ ಜೋತುಬಿದ್ದಿತ್ತು. ತೊಲ ತೊಲ ಎಂದು ತೂಗಿದ ಜಾಣ ಬರಿಯ ಡ್ರಿಲ್ಲನ್ನು ತೂಗಿದ್ದ, ಒದ್ದೆ ಬಟ್ಟೆಯನ್ನು ಮರೆತಿದ್ದ. ಉಳಿದ ಸೀಸದ ಚೂರುಗಳೆಲ್ಲ ಅಂಗಡಿಯಲ್ಲಿದ್ದವು. ಜವರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಡಾಕ್ಟರು ಹಲ್ಲು ಕಚ್ಚಿ ಒಂದು ತೂತಿಗೆ ಹೊರಟರು. ಮೊಣಕೈ ಇಳಿಯಿತು, ಮುಂಗೈ ಕಂಪಿಸಿತು. ಅವರು ಡ್ರಿಲ್ಲನ್ನು ಮೂಳೆಯಿಂದ ದೂರ ಎತ್ತಿ ಕಣ್ಣು ಮುಚ್ಚಿದರು.

"ಸಿಸ್ಟರ್, ಹೊಲಿಗೆಗೆ ಸಿದ್ಧ ಮಾಡಿ. ಮುಚ್ಚಿಬಿಡೋಣ."

ಮುಚ್ಚುವುದೆಂದರೆ ಮುರಿದದ್ದನ್ನು ಮುರಿದಂತೆಯೇ ಒಳಗಿಟ್ಟು ಮುಚ್ಚುವುದು. ಜವರಪ್ಪ ಎರಡು ಹೆಜ್ಜೆ ಹಾಕಿದ.

"ಮುಂದಕ್ಕೆ ಬರಬೇಡಿ!" ಎಂದು ಸಹಾಯಮೇರಿ ಕೂಗಿದಳು.

"ಮುಂದಕ್ಕಲ್ಲ ಕಣಮ್ಮ, ಹಿಂದಕ್ಕೇ," ಎನ್ನುತ್ತ ಅವನು ಕಂಬದ ಹಿಂದೆ, ಮೋಟಾರಿನ ಪಕ್ಕದಲ್ಲಿ ಗವಸಿಲ್ಲದ ಕೊಳವೆಯ ತುದಿಗೆ ಕೈ ಇಟ್ಟ. "ಸ್ವಾಮಿ, ಹೆಚ್ಚಿರೋ ಭಾರ ನಾನ್ ಹಿಡ್ಕೊಂಡಿವ್ನಿ. ಒಂದೇ ಒಂದ್ ತೂತು ನೋಡಿ. ಆಗ್ನಿಲ್ವಾ, ಮುಚ್ಬುಡಿ."

ಡಾಕ್ಟರು ಡ್ರಿಲ್ಲನ್ನು ಆಡಿಸಿ ನೋಡಿದರು. ಭಾರ ಮಾಯವಾಗಿತ್ತು. ಮೋಟಾರು ಗುಂಯ್‌ಗುಟ್ಟಿತು, ಡ್ರಿಲ್ಲು ಮೂಳೆಗೆ ತಾಗಿತು.

ತಾಗಿದ್ದು ಜವರಪ್ಪನ ಅಂಗೈಗೂ ತಿಳಿಯಿತು. ಅವನ ಊರಿನ ಬಾವಿಯಲ್ಲಿ ಏತವಿತ್ತು. ಅಪ್ಪ ನೀರೆತ್ತುವ ಬಾನಿ ಇಳಿಸುವಾಗ ಚಿಕ್ಕ ಜವರಪ್ಪ ಏತದ ಅಡ್ಡಮರದ, ಅಂದರೆ ಗಳುವಿನ, ಹಿಂತುದಿಗೆ ಜೋತುಬೀಳುತ್ತಿದ್ದ. ಬಾನಿ ನೀರಿಗೆ ಮುಟ್ಟಿತೋ, ವಾಲಿತೋ, ತುಂಬಿತೋ, ಬಾವಿಯೊಳಗೆ ಬಗ್ಗಿ ನೋಡದೆಯೇ ಗಳು ಹೇಳುತ್ತಿತ್ತು. ಈಗಲೂ ಹಾಗೆಯೇ. ಮೊದಲು ಮೂಳೆಯ ಈಚೆಯ ಗೋಡೆ, ಬಿಗಿಯಾಗಿ ಗುರುಗುಟ್ಟಿತು. ಆಮೇಲೆ ನಡುವಿನ ಪೊಳ್ಳು, ಕೊಳವೆ ಹಗುರಾಯಿತು. ಮತ್ತೆ ಆಚೆಯ ಗೋಡೆ. ಗುರುಗುಟ್ಟುವಿಕೆ ಬರಬರುತ್ತ ತೆಳ್ಳಗಾಗಿ ಇನ್ನೇನು ಹರಿಯಬೇಕು ಎನ್ನುವ ಒಂದು ಚಣ. ಬಾನಿ ತುಂಬಿದ ಕೂಡಲೇ ಗಳು ಜಗ್ಗುವ ಹಳೆಯ ಅಭ್ಯಾಸದಲ್ಲಿ ಅವನ ಕೈ, ಅವನನ್ನು ಕೇಳದೆಯೇ, ಕೊಳವೆಯ ಹಿಂತುದಿಯನ್ನು ಸ್ವಲ್ಪ ಕೆಳಕ್ಕೆ ಒತ್ತಿತು. ಆಚೆಯ ಗೋಡೆ ತೂತಾದದ್ದೂ ಡ್ರಿಲ್ಲು ಮೇಲಕ್ಕೆದ್ದದ್ದೂ ಒಟ್ಟಿಗೇ ಆಯಿತು. ಕೂದಲಷ್ಟೂ ಒಳಕ್ಕೆ ನುಗ್ಗಲಿಲ್ಲ.

ಬಾಯಿಗೆ ಕಟ್ಟಿದ ಬಟ್ಟೆಯ ಮೇಲಿನಿಂದ ಡಾಕ್ಟರ ಕಣ್ಣುಗಳು ಅವನನ್ನೇ ನೋಡಿದವು. "ನೀವಾ ಎತ್ತಿದ್ದು?"

"ಗೊತ್ತಾಯ್ತು ಸ್ವಾಮಿ. ಅಂಗೇ ಕೈ ಹೋಯ್ತು."

"ಇನ್ನೊಂದು," ಎಂದರು ಡಾಕ್ಟರು.

ಮೂರನೆಯ ತೂತಿಗೆ ಬಟ್ಟೆಯ ಆಚೆಯಿಂದ ಮಂಗಳಮ್ಮನ ದನಿ ಕೇಳಿಸಿತು: "ಅಣ್ಣಯ್ಯ, ಇದೇನು ರಾಗಿ ಮಿಲ್ಲು ಆಡ್ದಂಗ್ ಆಡ್ತದೆ?"

"ನಿನ್ ಕಾಲೇ ಕಣವ್ವ. ಸುಮ್ಕಿರು," ಎಂದ.

ಐದನೆಯ ತೂತಿನ ಹೊತ್ತಿಗೆ ಯಾರ ಕೈ ಎಲ್ಲಿ ಮುಗಿಯುತ್ತದೆ ಎಂಬುದೇ ಅವನಿಗೆ ತಿಳಿಯದಾಯಿತು. ಡಾಕ್ಟರು ಒತ್ತುವ ಮೊದಲೇ ಒತ್ತುತ್ತಾರೆಂದು ಗೊತ್ತಾಗುತ್ತಿತ್ತು. ಓದು ಬರಹ ನೆಟ್ಟಗೆ ಬಾರದ ಸೈಕಲ್ ರಿಪೇರಿಯವನಿಗೆ ಮನುಷ್ಯನ ಮೂಳೆಯೊಳಗೆ ಕೈಯಿಟ್ಟು ನೋಡುವ ಭಾಗ್ಯ! ಎಂಟು ತೂತು, ಎಂಟು ತಿರುಪು. ಗಾಯ ಹೊಲಿದ ಮೇಲೆ ಡಾಕ್ಟರು ಬಲಗೈಯನ್ನು ಬೆಳಕಿಗೆ ಹಿಡಿದರು. ಅದು ನಿಶ್ಚಲವಾಗಿತ್ತು. ಸಹಾಯಮೇರಿ ಮುಖ ತಿರುಗಿಸಿ ಶಿಲುಬೆಯ ಗುರುತು ಹಾಕಿಕೊಂಡಳು.

ಸಂಜೆ ಜೋಮು ಇಳಿದು ಮಂಗಳಮ್ಮ ತೊಡೆಗೆ ಕೆಂಡ ಇಟ್ಟಂಗೈತೆ ಎಂದು ಬೈಯುತ್ತ ಕಾಲಿನ ಬೆರಳುಗಳನ್ನು ಅಲ್ಲಾಡಿಸಿದಳು. ಜವರಪ್ಪ ಅವುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಅಲ್ಲೇ ಕೂತು ಅತ್ತುಬಿಟ್ಟ.

ಮಾರನೆಯ ಬೆಳಗ್ಗೆ ಡಾಕ್ಟರು ಅವನನ್ನು ಮತ್ತೆ ಕರೆಸಿದರು. "ಪ್ರತಿಸಲವೂ ನಿಮ್ಮನ್ನ ಕಂಬದ ಹಿಂದೆ ನಿಲ್ಲಿಸೋಕಾಗುತ್ತಾ? ನಿಮ್ಮ ಕೈ ಎಷ್ಟು ಎಳೀತಿತ್ತೋ ಅಷ್ಟನ್ನ ಕಬ್ಬಿಣದಲ್ಲೋ ಸೀಸದಲ್ಲೋ ಇಡೋಕಾಗುತ್ತಾ ನೋಡಿ," ಎಂದರು. ಮಾಂಸದಂಗಡಿಯಿಂದ ದಪ್ಪ ಮೂಳೆಗಳನ್ನು ತರಿಸಿ ಮೇಜಿಗೆ ಬಿಗಿದಿದ್ದರು. ಡ್ರಿಲ್ಲಿಗೆ ಒದ್ದೆ ಗವಸು ತೊಡಿಸಿದ್ದರು.

ಈ ಸಲ ಜವರಪ್ಪ ಸೀಸ ತೂಗಲು ತಕ್ಕಡಿ ಮುಟ್ಟಲಿಲ್ಲ. ಸಮತೂಕ ಸಾಲದು, ಕೈ ಬಿಟ್ಟ ಕೂಡಲೇ ಡ್ರಿಲ್ಲು ತಾನಾಗಿ ಏಳುವಂತಿರಬೇಕು ಎಂದು ಅವನಿಗೆ ಅಂಗೈಯೇ ಹೇಳಿಕೊಟ್ಟಿತ್ತು. ಎಡಗೈಯಲ್ಲಿ ಕೊಳವೆ ಹಿಡಿದು ಬಲಗೈಯಿಂದ ಸೀಸದ ಚೂರು ಸಿಕ್ಕಿಸುವುದು, ಹಿಡಿತ ಅಷ್ಟೇ ಸಡಿಲಿಸುವುದು. ಡಾಕ್ಟರು ಕಣ್ಣು ಮುಚ್ಚಿ ಕೊರೆದು ಹೇಳುವುದು. ಭಾರವಾಯಿತು. ಕಮ್ಮಿಯಾಯಿತು. ಇನ್ನೊಂದು ಚೂರು. ಹೀಗೇ ಮಧ್ಯಾಹ್ನವಾಯಿತು, ಮೂಳೆಗಳು ಜರಡಿಯಾದವು.

"ಹಾಂ," ಎಂದರು ಡಾಕ್ಟರು, ಕಣ್ಣು ತೆರೆಯದೆ. "ಇದೇ. ನಿನ್ನೆಯ ಕೈ ಇದೇ. ಈಗ ಹಿಡಿದುಕೊಂಡಿರೋ ಹಾಗೇ ಹಿಡಿದುಕೊಂಡಿರಿ, ಅಲುಗಾಡಬೇಡಿ."

ಜವರಪ್ಪ ಕಂಬದಿಂದ ಮೂರು ಮಾರು ದೂರದಲ್ಲಿ, ಗೋಡೆಗೊರಗಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಂತಿದ್ದ.

"ನಾನ್ ಕೈ ಬುಟ್ಟು ಆಗ್ಲೇ ಎರಡು ತೂತಾಯ್ತು ಸ್ವಾಮಿ," ಎಂದ.

ಡಾಕ್ಟರು ಕಣ್ಣು ತೆರೆದರು. ಡ್ರಿಲ್ಲು ಅವರ ಬೆರಳುಗಳಿಂದ ಬಿಡಿಸಿಕೊಂಡು ಮೆಲ್ಲಗೆ ಮೇಲೇರಿ ನಿಂತಿತು. ಅದನ್ನು ನೋಡಿದವರೇ ಸಹಾಯಮೇರಿಯ ಕಡೆ ತಿರುಗಿ, ಸೋಮವಾರದ ಆಪರೇಷನ್ನಿಗೆ ಇಬ್ಬರು ರೋಗಿಗಳನ್ನು ಬರೆದುಕೊಳ್ಳಲು ಹೇಳಿದರು.